ಒಳಗೆ ಬಿಟ್ಟ ಬಟ್ಟೆ

ಜನವರಿ 9

ಗುಂಡಿ,

ಇಲ್ಲಿ ನಾವೆಲ್ಲರೂ ಚೆನ್ನಾಗಿದ್ದೇವೆ ಎಂದು ಶುರು ಮಾಡುವುದು ಪದ್ಧತಿ. ಈ ಸಲ ಎಲ್ಲರಲ್ಲಿ ಒಬ್ಬನನ್ನು ಬಿಡಬೇಕು. ಆ ಒಬ್ಬ ನಾನೇ. ಗಾಬರಿಯಾಗಬೇಡ, ಕಾಗದ ಮುಗಿಯುವಷ್ಟರಲ್ಲಿ ನಿನಗೂ ನನ್ನಷ್ಟೇ ಧೈರ್ಯ ಬಂದಿರುತ್ತದೆ.

ಫೋನಿನಲ್ಲಿ ಯಾಕೆ ಹೇಳಲಿಲ್ಲ ಎನ್ನುತ್ತೀಯ. ನಮ್ಮ ಮನೆಯ ಫೋನು ನಡುಮನೆಯಲ್ಲಿ ಸ್ಪೀಕರ್ ಹಾಕಿಕೊಂಡು ಕೂತಿರುತ್ತದೆ. ನಾನು ಹಲೋ ಅಂದರೆ ಮಿಕ್ಕಿದ್ದನ್ನೆಲ್ಲ ನಿನ್ನಮ್ಮನೇ ಮಾತಾಡಿ ಮುಗಿಸುತ್ತಾಳೆ. ಅವಳಿಗೆ ವಿಷಯ ಗೊತ್ತು. ಆದರೆ ಅವಳನ್ನು ಎದುರಿಗೆ ಕೂರಿಸಿಕೊಂಡು ಇದನ್ನು ಮಗಳಿಗೆ ವಿವರಿಸಲು ನನಗೆ ಬಾಯಿ ಬರುವುದಿಲ್ಲ. ನೀನೂ ಕ್ರೇನಿನ ಮೇಲಿರುವಾಗ ಫೋನು ಮುಟ್ಟುವಂತಿಲ್ಲ. ಗಾಳಿ ಜೋರಾಗಿ ಕೆಲಸ ನಿಂತಾಗ ನಿನ್ನ ಆ ಗಾಜಿನ ಗೂಡಿನಲ್ಲಿ ಕೂತು ನಿಧಾನವಾಗಿ ಓದು.

ಗಂಡಸರಿಗೆ ಮಾತ್ರ ಇರುವ ಒಂದು ಗ್ರಂಥಿ ಇದೆ, ಪ್ರಾಸ್ಟೇಟ್ ಅಂತ. ನನ್ನದರಲ್ಲಿ ಕ್ಯಾನ್ಸರ್ ಸಿಕ್ಕಿದೆ. ಮೂಳೆಯವರೆಗೆ ಹೋಗಿಲ್ಲ. ಡಾಕ್ಟರಮ್ಮ ಗಟ್ಟಿ ಹೆಂಗಸು, ಸುತ್ತಿಬಳಸಿ ಮಾತಾಡುವವರಲ್ಲ. "ಗಂಡಸರ ಹಾರ್ಮೋನು ಈ ಗೆಡ್ಡೆಗೆ ಊಟ ಇದ್ದ ಹಾಗೆ. ಮೊದಲು ಊಟ ನಿಲ್ಲಿಸೋಣ, ಆಮೇಲೆ ಕಿರಣ ಕೊಟ್ಟು ಸುಡೋಣ" ಅಂದರು. ಊಟ ನಿಲ್ಲಿಸಲು ಮೂರು ತಿಂಗಳಿಗೊಂದು ಸೂಜಿ. ಒಟ್ಟು ಎರಡು ವರ್ಷ ಆಗಬಹುದಂತೆ. ಮೊನ್ನೆ ಮೊದಲನೆಯದು ಆಯಿತು. "ಸೂಜಿ ಅಂದ್ರೆ ಭಯ ಏನಾದ್ರೂ ಇದ್ಯಾ?" ಎಂದು ಸಿಸ್ಟರ್ ಕೇಳಿದಳು. ಯಾರನ್ನು? ಬಾಯಿ ತುಂಬ ಗುಂಡುಸೂಜಿ ಕಚ್ಚಿಕೊಂಡೇ ಅರ್ಧ ಆಯಸ್ಸು ಕಳೆದ ಟೈಲರನ್ನು! ನಕ್ಕುಬಿಟ್ಟೆ. ಅವಳಿಗೆ ಯಾಕೆಂದು ತಿಳಿಯಲಿಲ್ಲ.

ಜೊತೆಗೆ ಕೆಲವು ವಾರಕ್ಕೆ ಮಾತ್ರೆಯನ್ನೂ ಬರೆದಿದ್ದಾರೆ. ಸೂಜಿ ಹಾಕಿದ ಮೇಲೆ ಮಾತ್ರೆ ಯಾಕೆ? ಪ್ಯಾಂಟಿಗೆ ಬೆಲ್ಟೂ ಕಟ್ಟಿ, ಹೆಗಲಿಂದ ಪಟ್ಟಿಯನ್ನೂ ಇಳಿಬಿಟ್ಟ ಹಾಗೆ. ಬಿಟ್ಟುಬಿಡೋಣ ಎಂದುಕೊಂಡಿದ್ದೇನೆ. ಸೂಜಿಯ ಔಷಧದ ಹೆಸರು ನನ್ನ ಬಾಯಿಗೆ ಹೊರಳುವುದಿಲ್ಲ, ಅದಕ್ಕೇ ಅದರ ರಟ್ಟಿನ ಡಬ್ಬಿಯ ಮುಚ್ಚಳವನ್ನು ಕತ್ತರಿಸಿ ಇದರೊಳಗೆ ಇಟ್ಟಿದ್ದೇನೆ. ಅಂಚು ನೋಡು, ಎಷ್ಟು ನೇರವಾಗಿದೆ. ಕೈ ಇನ್ನೂ ನನ್ನ ಮಾತು ಕೇಳುತ್ತಿದೆ.

ಬ್ಯಾಂಡಿನವರು ಬಿಳಿ ಕೋಟುಗಳಿಗೆ ಆರ್ಡರ್ ಕೊಟ್ಟಿದ್ದಾರೆ. ಬೇಸಿಗೆ ಮುಗಿಯುವುದರೊಳಗೆ ಕೊಡಬೇಕು. ಆದ್ದರಿಂದ ಕಾಯಿಲೆಗೆ ಹೆಚ್ಚು ಪುರಸೊತ್ತು ಇಲ್ಲ.

ನಿನ್ನ
ಅಪ್ಪ


ಜನವರಿ 17

ಅಪ್ಪ,

ಕಾಗದವನ್ನು ಎರಡು ಸಲ ಓದಿದೆ. ಡಬ್ಬಿಯ ಮುಚ್ಚಳವನ್ನು ಅದಕ್ಕಿಂತ ಹೆಚ್ಚು ಸಲ ಓದಿದೆ. ಅಳು ಬಂತು, ಅತ್ತೆ. ಇಲ್ಲಿ ಮೇಲೆ ನೋಡುವವರು ಯಾರಿದ್ದಾರೆ. ಕೆಳಗಿನಿಂದ ಫೋರ್‌ಮನ್ ಕೈಬೀಸಿದ, ನಾನೂ ಬೀಸಿದೆ. ಈಗ ಕೆಲಸದ ಮಾತು.

ಮಾತ್ರೆ ಬಿಡಬೇಡ. ಆ ಸೂಜಿಗೆ ಒಂದು ವಕ್ರಬುದ್ಧಿ ಇದೆ. ಹಾರ್ಮೋನನ್ನು ಇಳಿಸುವ ಮೊದಲು ಒಂದೆರಡು ವಾರ ಅದನ್ನು ಏರಿಸುತ್ತದೆ. ಆ ಏರಿಕೆಯಿಂದ ಗೆಡ್ಡೆ ಕೆರಳದಂತೆ ತಡೆಯಲು ಮಾತ್ರೆ. ಇದನ್ನು ನಮ್ಮ ಬೀದಿಯ ಔಷಧ ಅಂಗಡಿಯವರನ್ನೂ ಕೇಳಿ ಖಾತ್ರಿ ಮಾಡಿಕೊಂಡು ಬರೆಯುತ್ತಿದ್ದೇನೆ. ಈ ದಿನಗಳಲ್ಲಿ ಬೆನ್ನುನೋವು ಜೋರಾದರೆ, ಕಾಲಿನಲ್ಲಿ ಶಕ್ತಿ ಇಲ್ಲದಂತಾದರೆ, ಮೂತ್ರ ಕಟ್ಟಿದರೆ, ನಾಳೆ ನೋಡೋಣ ಎನ್ನದೆ ಅವತ್ತೇ ಆಸ್ಪತ್ರೆಗೆ ಹೋಗು. ಬ್ಯಾಂಡಿನವರು ಹಳೇ ಕೋಟು ಹಾಕಿಕೊಂಡು ಊದಲಿ.

ಸೂಜಿ ಹಾಕಿದ ಜಾಗವನ್ನು ತಿಕ್ಕಬೇಡ, ಬಿಸಿ ಶಾಖ ಕೊಡಬೇಡ. ನಿನಗೆ ಎಲ್ಲವನ್ನೂ ಇಸ್ತ್ರಿ ಪೆಟ್ಟಿಗೆಯಿಂದ ಸರಿಮಾಡುವ ಚಟ, ಅದಕ್ಕೇ ಹೇಳಿದೆ. ಮುಂದಿನ ಸಲ ಬೇರೆ ಕಡೆ ಹಾಕಲು ಹೇಳು. ಮತ್ತೆ, ಸೆಕೆ ಬರುತ್ತದೆ. ಎದೆಯಿಂದ ಹೊರಟು ಕತ್ತಿಗೇರಿ ಮುಖಕ್ಕೆ ಬರುತ್ತದೆ. ಬಂದಷ್ಟೇ ಬೇಗ ಹೋಗುತ್ತದೆ. ಹೆದರಬೇಡ, ಒಳಗೆ ತೆಳು ಹತ್ತಿಯ ಅಂಗಿ ಹಾಕಿಕೋ. ಸುಮ್ಮಸುಮ್ಮನೆ ಅಳುವೂ ಬರಬಹುದು. ಮೂಳೆ ಸವೆಯದಂತೆ ದಿನಾ ನಡಿ, ಏನಾದರೂ ಭಾರ ಎತ್ತು. ಮೂಳೆಯ ಪರೀಕ್ಷೆ ಯಾವಾಗ ಎಂದು ಡಾಕ್ಟರಮ್ಮನನ್ನು ನೀನೇ ಕೇಳು.

ಅಂಚು ನೇರವಾಗಿದೆ, ಒಪ್ಪಿದೆ.

ನಿನ್ನ
ಗುಂಡಿ


ಫೆಬ್ರವರಿ 24

ಗುಂಡಿ,

ಬಂತು! ನೀನು ಬರೆದ ಹಾಗೇ ಬಂತು. ಎದೆ, ಕತ್ತು, ಮುಖ, ಅದೇ ದಾರಿಯಲ್ಲಿ.

ಮೊದಲನೇ ದಿನ ಮಾತ್ರ ನನಗೆ ಹೊಳೆಯಲಿಲ್ಲ. ಮೇಜಿನ ಮೇಲೆ ಬಟ್ಟೆ ಹರವಿಕೊಂಡು ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದೆ. ಇದ್ದಕ್ಕಿದ್ದ ಹಾಗೆ ಧಗೆ. "ಇಸ್ತ್ರಿ ಪೆಟ್ಟಿಗೆ ಆರಿಸೋದಕ್ಕೇನು ಕಷ್ಟ ನಿಮಗೆ? ಮನುಷ್ಯರನ್ನ ಬೇಯಿಸ್ತೀರಾ?" ಎಂದು ಕಾಜಾ ಅಕ್ಕನ ಮೇಲೆ ಕೂಗಾಡಿದೆ. ನಮ್ಮಲ್ಲಿ ಗುಂಡಿತೂತಿನ ಕೆಲಸವೆಲ್ಲ ಅವರದೇ, ನಿನಗೆ ನೆನಪಿರಬೇಕು, ನೀನು ಚಿಕ್ಕವಳಿದ್ದಾಗ ಅವರ ಮಡಿಲಲ್ಲೇ ಮಲಗುತ್ತಿದ್ದೆ. ಅವರು ಎದ್ದುಬಂದು ಪೆಟ್ಟಿಗೆಯನ್ನು ಬರಿಗೈಯಲ್ಲಿ ಮುಟ್ಟಿ ತೋರಿಸಿದರು. ತಣ್ಣಗಿತ್ತು. ನನ್ನ ಮುಖ ನೋಡಿ ಸೆರಗು ಬಾಯಿಗೆ ಇಟ್ಟುಕೊಂಡು ನಗಲು ಶುರು ಮಾಡಿದರು. "ಇದು ಇಸ್ತ್ರಿ ಪೆಟ್ಟಿಗೇದಲ್ಲ ಮಾಸ್ಟ್ರೇ. ಮುಟ್ಟು ನಿಲ್ಲೋ ವಯಸ್ಸಲ್ಲಿ ನಂಗೂ ಈ ಸೆಕೆ ಐದು ವರ್ಷ ಇತ್ತು" ಎಂದು ತಮ್ಮ ಬೀಸಣಿಗೆಯನ್ನು ನನಗೆ ಕೊಟ್ಟರು. ಈಗ ನಾವಿಬ್ಬರೂ ಸರದಿಯ ಮೇಲೆ ಬೀಸಿಕೊಳ್ಳುತ್ತೇವೆ.

ಅಳುವಿನ ಕಥೆ ಇನ್ನೂ ಚೆನ್ನಾಗಿದೆ. ಬ್ಯಾಂಕಿನ ಮ್ಯಾನೇಜರು ನಿವೃತ್ತಿಯ ದಿನಕ್ಕೆಂದು ಕೋಟು ಹೊಲಿಸುತ್ತಿದ್ದಾರೆ. ಅಳತೆ ನೋಡಲು ಬಂದಿದ್ದರು. ತೋಳಿನ ಮಡಿಕೆಗೆ ಪಿನ್ನು ಚುಚ್ಚುತ್ತ ಇದ್ದವನು ಗಳಗಳನೆ ಅತ್ತುಬಿಟ್ಟೆ. ಅವರು ಗಾಬರಿಯಿಂದ ಕನ್ನಡಿ ನೋಡಿಕೊಂಡು, "ಯಾಕ್ರೀ, ಅಷ್ಟು ಕೆಟ್ಟದಾಗಿ ಕಾಣ್ತೀನಾ?" ಅಂದರು. "ಇಲ್ಲ ಸಾರ್, ಭುಜ ತುಂಬ ಚೆನ್ನಾಗಿ ಕೂತಿದೆ" ಅಂದೆ. ಅವರ ಕಣ್ಣಲ್ಲೂ ನೀರು ಬಂತು. ಹೋಗುವಾಗ ಅಳಿಯನಿಗೂ ಒಂದು ಕೋಟು ಎಂದು ಹೇಳಿ ಹೋದರು. ವ್ಯಾಪಾರಕ್ಕೆ ಅಳು ಕೆಟ್ಟದ್ದಲ್ಲ.

ಮಾತ್ರೆಯನ್ನು ಕೊನೆಯವರೆಗೂ ನುಂಗಿದೆ. ಬೆನ್ನು, ಕಾಲು ಎಲ್ಲ ಸರಿ ಇವೆ. ದೊಡ್ಡ ಇಸ್ತ್ರಿ ಪೆಟ್ಟಿಗೆಯನ್ನೇ ಎಡಗೈಗೆ, ಬಲಗೈಗೆ ಬದಲಾಯಿಸಿ ಎತ್ತುತ್ತೇನೆ. ಇನ್ನೊಂದು ಪರಿಣಾಮವೂ ಇದೆ, ಅದನ್ನು ನಿನಗೆ ಬರೆಯುವುದಿಲ್ಲ. ಅದು ನನಗೂ ನಿನ್ನಮ್ಮನಿಗೂ ಇರಲಿ. ನಾವಿಬ್ಬರೂ ಅದಕ್ಕೊಂದು ನಗು ಕಂಡುಕೊಂಡಿದ್ದೇವೆ, ಅಷ್ಟು ಸಾಕು.

ಹೊಟ್ಟೆ ಸ್ವಲ್ಪ ಮುಂದೆ ಬಂದಿದೆ. ಎದೆಯೂ ಬಿಗಿ ಅನ್ನಿಸುತ್ತದೆ. ಅದೇನು ದೊಡ್ಡ ವಿಷಯ? ಪ್ಯಾಂಟಿನ ಒಳಗೆ ಬಟ್ಟೆ ಬಿಟ್ಟಿರುತ್ತೇನಲ್ಲ, ಎರಡು ಸಲ ಸಡಿಲಿಸಿದೆ. ವೇಸ್ಟ್‌ಕೋಟನ್ನೂ ಬಿಚ್ಚಿ ಹೊಲಿದೆ. ನಿನ್ನಮ್ಮನಿಗೇ ಗೊತ್ತಾಗಿಲ್ಲ. ಆಸ್ಪತ್ರೆಯಲ್ಲಿ ಸಿಸ್ಟರ್ "ತೂಕ ಎಷ್ಟು?" ಅಂದಳು, ಹಳೆಯದನ್ನೇ ಹೇಳಿದೆ, ಬರೆದುಕೊಂಡಳು. ಅಳತೆಯ ವಿಷಯದಲ್ಲಿ ನನ್ನ ಮಾತಿಗೆ ಯಾರು ಎದುರಾಡುತ್ತಾರೆ? ಗಿರಾಕಿಯ ಅಳತೆ ಬದಲಾದರೆ ಟೈಲರ್ ಕಾರಣ ಕೇಳಬಾರದು ಎಂದು ನನಗೆ ಕೆಲಸ ಕಲಿಸಿದವರು ಮೊದಲ ದಿನವೇ ಹೇಳಿದ್ದರು. ಸುಮ್ಮನೆ ಬಿಚ್ಚಬೇಕು, ಸುಮ್ಮನೆ ಹೊಲಿಯಬೇಕು. ಇಷ್ಟು ವರ್ಷ ಯಾರನ್ನೂ ಕೇಳಿಲ್ಲ. ನನ್ನನ್ನು ನಾನೂ ಕೇಳಿಕೊಂಡಿಲ್ಲ.

ಅದಿರಲಿ, ಕ್ರೇನ್ ಓಡಿಸುವವಳಿಗೆ ಇದೆಲ್ಲ ಇಷ್ಟು ಕರಾರುವಾಕ್ಕಾಗಿ ಹೇಗೆ ಗೊತ್ತು? ಸೆಕೆ ಹತ್ತುವ ದಾರಿಯನ್ನೂ ಔಷಧ ಅಂಗಡಿಯವನೇ ಹೇಳಿದನಾ?

ನಿನ್ನ
ಅಪ್ಪ


ಮಾರ್ಚ್ 8

ಅಪ್ಪ,

ಅಂಗಡಿಯವನು ಹೇಳಲಿಲ್ಲ.

ನೀನು ಕತ್ತರಿಸಿ ಕಳಿಸಿದ ಮುಚ್ಚಳವನ್ನು ನೋಡಿದ ಕೂಡಲೇ ಗುರುತು ಸಿಕ್ಕಿತು. ಬಣ್ಣವೂ ಬದಲಾಗಿಲ್ಲ. ಅದೇ ಔಷಧವನ್ನು ಆರು ವರ್ಷದ ಹಿಂದೆ ನನಗೂ ಕೊಟ್ಟಿದ್ದರು. ನೀನು ಗಂಡಸರ ಕಾಯಿಲೆ ಎಂದು ನಾಚಿಕೊಂಡು ಬರೆದೆಯಲ್ಲ, ನನ್ನದು ಹೆಂಗಸರ ಕಾಯಿಲೆ. ಗರ್ಭಕೋಶದ ಒಳಗೆ ಇರಬೇಕಾದ ಪದರದಂಥದ್ದು ಹೊರಗೆಲ್ಲ ಬೆಳೆದುಕೊಂಡಿತ್ತು. ಮುಟ್ಟಿನ ದಿನಗಳಲ್ಲಿ ಕ್ರೇನಿನ ಏಣಿಯ ಅರ್ಧದಲ್ಲಿ ನಿಂತು ಕಂಬಿ ಕಚ್ಚಿ ಹಿಡಿದುಕೊಳ್ಳುತ್ತಿದ್ದೆ. ಆ ಪದರ ಬೆಳೆಯುವುದೂ ಹಾರ್ಮೋನಿನಿಂದಲೇ. ಹೆಂಗಸರ ಹಾರ್ಮೋನು. ಈ ಸೂಜಿ ಇಬ್ಬರದನ್ನೂ ಮೇಲೆ ಮೆದುಳಿನಿಂದಲೇ ನಿಲ್ಲಿಸುತ್ತದೆ, ಗಂಡು ಹೆಣ್ಣು ಎಂದು ನೋಡುವುದಿಲ್ಲ. ಆರು ತಿಂಗಳು ಹಾಕಿದರು. ನೋವು ಹೋಯಿತು. ಆ ಆರು ತಿಂಗಳು ನಾನು ಮೂವತ್ತರಲ್ಲೇ ಕಾಜಾ ಅಕ್ಕನ ವಯಸ್ಸಿನವಳಾಗಿದ್ದೆ. ಈ ಗಾಜಿನ ಗೂಡಿನಲ್ಲಿ ಸೆಕೆ ಬಂದರೆ ಎಲ್ಲಿಗೆ ಓಡುವುದು? ಕೊಕ್ಕೆಯಲ್ಲಿ ಉಕ್ಕಿನ ತೊಲೆ ತೂಗುತ್ತಿರುತ್ತಿತ್ತು. ಹಲ್ಲು ಕಚ್ಚಿ ಇಳಿಸುತ್ತಿದ್ದೆ. ಆಮೇಲೆ ಅಳುತ್ತಿದ್ದೆ.

ಆ ವರ್ಷ ರಜಕ್ಕೆ ಮನೆಗೆ ಬಂದಾಗ ನನ್ನ ಹಸಿರು ಕೋಟು ಗುಂಡಿ ಹಾಕಲು ಬರುತ್ತಿರಲಿಲ್ಲ. ನಿನ್ನ ಮೇಜಿನ ಮೇಲೆ ಇಟ್ಟು, "ಸ್ವಲ್ಪ ಬಿಗಿಯಾಗಿದೆ ಅಪ್ಪ" ಅಂದೆ. ನೀನು ಟೇಪು ಹಿಡಿದೆ, ತಲೆಯಾಡಿಸಿದೆ. ಬೆಳಿಗ್ಗೆ ಕೋಟು ಸಿದ್ಧವಾಗಿತ್ತು, ಎಲ್ಲೂ ಬಿಚ್ಚಿದ ಗುರುತಿಲ್ಲ. ಕಾರಣ ಕೇಳಲಿಲ್ಲ. ಕ್ಯಾಂಟೀನಿನ ಊಟ ಎಂದು ಒಂದು ಸುಳ್ಳು ರೆಡಿ ಮಾಡಿಕೊಂಡು ಬಂದಿದ್ದೆ, ಅದು ಹಾಗೇ ಉಳಿಯಿತು. ಅಮ್ಮನಿಗೂ ಹೇಳಿಲ್ಲ. ಆಗ ಯಾರೂ ಕೇಳದಿದ್ದದ್ದೇ ಒಳ್ಳೆಯದೆನ್ನಿಸಿತ್ತು.

ಆದರೆ ನೀನು ನಿನ್ನ ಪ್ಯಾಂಟು ಬಿಚ್ಚಿ ಹೊಲಿಯುತ್ತ ಕೂತಿರುವುದು ಒಳ್ಳೆಯದಲ್ಲ. ಸೊಂಟ ಹಿಗ್ಗಿದ್ದು ಡಾಕ್ಟರಮ್ಮನಿಗೆ ಗೊತ್ತಾಗಬೇಕಾದ ವಿಷಯ. ಈ ಸೂಜಿ ಸಕ್ಕರೆ ಕಾಯಿಲೆಗೂ ಹೃದಯಕ್ಕೂ ಕೈಹಾಕಬಹುದು. ತಕ್ಕಡಿ ಹತ್ತಿ ತೂಕ ನೋಡಿಸು.

ನಿನ್ನ
ಗುಂಡಿ


ಮೇ 11

ಅಪ್ಪ,

ಎರಡು ತಿಂಗಳಾಯಿತು, ನಿನ್ನಿಂದ ಒಂದು ಸಾಲೂ ಇಲ್ಲ. ಫೋನು ಮಾಡಿದರೆ ನೀನು ಹಲೋ ಅಂದು ಹೋಗುತ್ತೀಯ. "ಚೆನ್ನಾಗೇ ಇದ್ದಾರಮ್ಮ, ಎರಡನೇ ಸೂಜೀನೂ ಆಯ್ತು, ಕಿರಣಾನೂ ನಡೀತಿದೆ, ಸ್ವಲ್ಪ ಮಾತು ಕಮ್ಮಿ ಆಗಿದೆ" ಎನ್ನುತ್ತಾಳೆ ಅಮ್ಮ. ನಿನ್ನ ಮಾತು ಕಮ್ಮಿಯಾಗಿದೆ ಎಂದರೆ ನಾನು ನಂಬಬೇಕಾ?

ನಾನು ಬರೆದದ್ದು ತಪ್ಪಾಯಿತಾ? ಹೌದೆಂದಾದರೆ ಹೌದು ಎಂದಷ್ಟೇ ಬರೆ.

ಗುಂಡಿ


ಜೂನ್ 24

ಗುಂಡಿ,

ಎಲ್ಲ ಚೆನ್ನಾಗಿದೆ. ಕಿರಣ ಮುಗಿಯಿತು. ಕ್ಯಾನ್ಸರ್ ಎಷ್ಟಿದೆ ಎಂದು ತೋರಿಸುವ ರಕ್ತದ ಸಂಖ್ಯೆ ನೆಲ ಕಚ್ಚಿದೆ. ಡಾಕ್ಟರಮ್ಮ ಖುಷಿಯಾಗಿದ್ದಾರೆ.

ಒಂದು ತೀರ್ಮಾನಕ್ಕೆ ಬಂದಿದ್ದೇನೆ, ನಿನಗೆ ಮೊದಲು ತಿಳಿಸುತ್ತಿದ್ದೇನೆ. ಮೂರನೇ ಸೂಜಿ ಬೇಡ. ನಿನಗೆ ಆರು ತಿಂಗಳಿಗೆ ನಿಲ್ಲಿಸಿದರು, ಗುಣವಾಯಿತು. ನನಗೂ ಆರು ತಿಂಗಳು ತುಂಬುತ್ತಿದೆ. ನೀನೂ ನಾನೂ ಒಂದೇ ಥಾನಿನ ಬಟ್ಟೆ. ನಿನಗೆ ಸರಿಹೋದದ್ದು ನನಗೂ ಸರಿಹೋಗುತ್ತದೆ.

ಕಾರಣವನ್ನೂ ಹೇಳಿಬಿಡುತ್ತೇನೆ. ಬ್ಯಾಂಡಿನ ಬಿಳಿ ಕೋಟುಗಳಲ್ಲಿ ಒಂದರ ಮೇಲೆ ನನ್ನ ಬೆವರು ಬಿತ್ತು. ಕಾಲರಿನ ಪಕ್ಕದಲ್ಲೇ. ತೊಳೆದೆ, ಹೋಗಲಿಲ್ಲ. ಹೊಸದಾಗಿ ಕತ್ತರಿಸಿದೆ. ದಪ್ಪ ಬಟ್ಟೆ ನಾಲ್ಕು ಪದರ ಸೇರಿದರೆ ಕತ್ತರಿ ನನ್ನ ಕೈಯಲ್ಲಿ ನಿಲ್ಲುತ್ತಿಲ್ಲ, ತೋಳಿಗೆ ಆ ಬಲವಿಲ್ಲ. ಕಾಜಾ ಅಕ್ಕ ನೋಡದ ಹಾಗೆ ಎರಡು ಸಲ ಮಾಡಿ ಕತ್ತರಿಸುತ್ತೇನೆ. ನನ್ನ ಕೈ ಹೋದರೆ ಮಿಕ್ಕ ಮನುಷ್ಯನನ್ನು ಇಟ್ಟುಕೊಂಡು ಏನು ಮಾಡಲಿ? ಸೂಜಿ ನಿಲ್ಲಿಸಿದರೆ ನನ್ನ ಕೈ ನನಗೆ ವಾಪಸ್ಸು ಬರುತ್ತದೆ. ಮುಂದಿನ ತಿಂಗಳು ಸೂಜಿಯ ದಿನ ಆಸ್ಪತ್ರೆಗೆ ಹೋಗುವುದಿಲ್ಲ.

ಅಪ್ಪ


ಜೂನ್ 30

ಅಪ್ಪ,

ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರ ನೋಡಿದರೆ ನಿನಗೇ ತಿಳಿಯುತ್ತದೆ.

ನಾನು ಚಿಕ್ಕವಳಿದ್ದಾಗ ಒಮ್ಮೆ ಅವಳಿ ಹುಡುಗರನ್ನು ಕರೆದುಕೊಂಡು ಒಬ್ಬರು ಅಂಗಡಿಗೆ ಬಂದಿದ್ದರು, ನಾನು ಮೇಜಿನ ಕೆಳಗೆ ಚೂರುಬಟ್ಟೆ ಆರಿಸುತ್ತಿದ್ದೆ. "ಇಬ್ರೂ ಒಂದೇ ರೀ, ಒಬ್ಬನ್ನ ಅಳೆದ್ರೆ ಸಾಕು" ಅಂದರು. ನೀನು ಟೇಪನ್ನು ಕೊರಳಿಗೆ ಹಾಕಿಕೊಂಡು, "ಹಾಗಾದ್ರೆ ಒಂದೇ ಕೋಟು ಹೊಲಿತೀನಿ, ಇಬ್ರೂ ಒಟ್ಟಿಗೆ ಹಾಕ್ಕೊಳ್ಳಲಿ" ಅಂದೆ. ಅವರು ಎದ್ದು ಹೋಗುವುದರಲ್ಲಿದ್ದರು. ಆದರೂ ಇಬ್ಬರನ್ನೂ ಅಳೆದೇ ಕಳಿಸಿದೆ. ಒಬ್ಬನ ಎಡ ಭುಜ ಇಳಿದಿತ್ತು.

ಅದೇ ಅಪ್ಪ ಈಗ ನನ್ನ ಅಳತೆಯಲ್ಲಿ ತನ್ನ ಕೋಟು ಕತ್ತರಿಸುತ್ತಿದ್ದಾನೆ!

ನನ್ನದು ನೋವಿನ ಕಾಯಿಲೆ, ನಿನ್ನದು ಕ್ಯಾನ್ಸರ್. ನನಗೆ ಆರೇ ತಿಂಗಳು ಕೊಟ್ಟದ್ದು ಅದಕ್ಕಿಂತ ಹೆಚ್ಚಾದರೆ ಮೂಳೆ ಸವೆಯುತ್ತದೆ ಎಂದು. ನಿನಗೆ ಎರಡು ವರ್ಷ ಎಂದದ್ದು ಅಷ್ಟು ದಿನ ಊಟ ನಿಲ್ಲಿಸದಿದ್ದರೆ ಆ ಗೆಡ್ಡೆ ಮತ್ತೆ ಬಾಯಿ ತೆರೆಯಬಹುದು ಎಂದು. ಸಂಖ್ಯೆ ನೆಲ ಕಚ್ಚಿರುವುದರಲ್ಲಿ ಸೂಜಿಯ ಪಾಲೂ ಇದೆ. ಪಿನ್ನು ಚುಚ್ಚಿರುವಾಗ ಮಡಿಕೆ ನೇರವಾಗಿಯೇ ಕಾಣುತ್ತದೆ. ಹೊಲಿಗೆ ಹಾಕುವ ಮೊದಲು ಪಿನ್ನು ಕಿತ್ತವರನ್ನು ನೀನು ಏನೆಂದು ಬೈಯುತ್ತಿದ್ದೆ? ಆ ಬೈಗುಳವನ್ನು ಇಲ್ಲಿ ಬರೆಯುವುದಿಲ್ಲ, ನೀನೇ ನೆನಪಿಸಿಕೋ.

ನಿನ್ನ ಕೈಯ ವಿಷಯ ನನಗೆ ಅರ್ಥವಾಗುತ್ತದೆ ಅಪ್ಪ. ನನ್ನಷ್ಟು ಇನ್ಯಾರಿಗೂ ಅರ್ಥವಾಗುವುದಿಲ್ಲ. ಕ್ರೇನಿನ ಗೇರು ಹಿಡಿದ ಕೈ ನನ್ನದಲ್ಲ ಅನ್ನಿಸಿದ ದಿನಗಳು ನನಗೂ ಇದ್ದವು. ಅದನ್ನು ಡಾಕ್ಟರಮ್ಮನಿಗೆ ಹೇಳು. ಸೆಕೆಗೆ ಮಾತ್ರೆ ಇದೆ, ತೋಳಿಗೆ ವ್ಯಾಯಾಮ ಇದೆ, ಬೇರೆ ದಾರಿ ಇದ್ದರೆ ಅವರು ಹೇಳುತ್ತಾರೆ. ನಿಲ್ಲಿಸುವುದೇ ಆದರೂ ಅವರು ಹೇಳಿ ನಿಲ್ಲಿಸಲಿ. ನೀನು ಕಳೆದುಕೊಂಡ ಬಲಕ್ಕೆ ಮದ್ದಿದೆ. ನಿನ್ನನ್ನು ಕಳೆದುಕೊಂಡರೆ ನನಗೆ ಮದ್ದಿಲ್ಲ.

ಆ ದಿನ ನೀನು ಆಸ್ಪತ್ರೆಗೆ ಹೋಗದಿದ್ದರೆ ಸಂಜೆ ಫೋನು ಮಾಡುತ್ತೇನೆ. ಸ್ಪೀಕರಿನಲ್ಲಿ, ಅಮ್ಮನೆದುರಿಗೆ, ನನ್ನ ಕಥೆ ನಿನ್ನ ಕಥೆ ಎರಡನ್ನೂ ಶುರುವಿನಿಂದ ಹೇಳುತ್ತೇನೆ.

ಗುಂಡಿ


ಜುಲೈ 15

ಗುಂಡಿ,

ನಿನ್ನ ಫೋನಿನ ಬೆದರಿಕೆಗೆ ಹೆದರಿ ಹೋದೆ ಎಂದು ತಿಳಿಯಬೇಡ. ಆ ಇಳಿಭುಜದ ಹುಡುಗ ನೆನಪಾದ. ಎಡ ಭುಜಕ್ಕೆ ಒಳಗೆ ಒಂದು ತೆಳು ಮೆತ್ತೆ ಇಟ್ಟು ಹೊಲಿದಿದ್ದೆ, ಅವನಿಗೇ ಗೊತ್ತಾಗದ ಹಾಗೆ. ಎಂಥ ಕೋಟು ಅದು! ಅಂಥ ಕೋಟು ಹೊಲಿದವನು ಮಗಳ ಅಳತೆಯನ್ನು ತನಗೆ ಹಿಡಿದುಕೊಂಡು ನಿಂತಿದ್ದನಲ್ಲ ಎಂದು ನಾಚಿಕೆಯಾಯಿತು. ಸರಿಯಾದ ದಿನಕ್ಕೇ ಹೋದೆ. ನಿನ್ನಮ್ಮನನ್ನೂ ಕರೆದುಕೊಂಡು ಹೋದೆ.

ಸಿಸ್ಟರ್ "ತೂಕ ಎಷ್ಟು?" ಅಂದಳು. "ಗೊತ್ತಿಲ್ಲಮ್ಮ, ನೋಡೋಣ" ಎಂದು ತಕ್ಕಡಿ ಹತ್ತಿದೆ. ಮುಳ್ಳು ಓಡಿದ್ದು ನೋಡಿ ನಿನ್ನಮ್ಮ, "ಅಯ್ಯೋ, ಇಷ್ಟೊಂದು ಮೈ ಎಲ್ಲಿ ಬಚ್ಚಿಟ್ಟಿದ್ರಿ?" ಅಂದಳು. ಡಾಕ್ಟರಮ್ಮನ ಮುಂದೆ ಪ್ಯಾಂಟಿನ ಒಳಹೊಲಿಗೆ ತಿರುಗಿಸಿ ತೋರಿಸಿದೆ. ಹಳೇ ಗೆರೆ, ಅದರ ಪಕ್ಕ ಇನ್ನೊಂದು, ಅದರ ಪಕ್ಕ ಮತ್ತೊಂದು. ಇನ್ನು ಬಿಚ್ಚಲು ಒಳಗೆ ಬಟ್ಟೆ ಉಳಿದಿರಲಿಲ್ಲ. ಅವರು ಕನ್ನಡಕ ಹಾಕಿಕೊಂಡು ನೋಡಿದರು. "ನನ್ನಿಂದ ಎಷ್ಟೋ ಜನ ಎಷ್ಟೋ ಥರ ಮುಚ್ಚಿಟ್ಟಿದ್ದಾರೆ. ಇಷ್ಟು ನೀಟಾಗಿ ಯಾರೂ ಮುಚ್ಚಿಟ್ಟಿರಲಿಲ್ಲ" ಅಂದರು. ಅವತ್ತೇ ರಕ್ತ ತೆಗೆಸಿದರು. ಸಕ್ಕರೆ ಏರುವ ದಾರಿಯಲ್ಲಿದೆ, ಇನ್ನೂ ಕೈಮೀರಿಲ್ಲ. ಊಟ ಬದಲಾಗಿದೆ. ಮೂಳೆಯ ಪರೀಕ್ಷೆಗೆ ದಿನ ಕೊಟ್ಟಿದ್ದಾರೆ. ಸೆಕೆಗೆ ಮಾತ್ರೆ ಕೊಟ್ಟರು. ತೋಳಿಗೆ ವ್ಯಾಯಾಮ ಹೇಳಿಕೊಡಲು ಒಬ್ಬ ಹುಡುಗಿ ಇದ್ದಾಳೆ, ನನ್ನ ಇಸ್ತ್ರಿ ಪೆಟ್ಟಿಗೆ ವಿದ್ಯೆಯನ್ನು ನೋಡಿ ಬಿದ್ದು ಬಿದ್ದು ನಕ್ಕಳು. ಆದರೂ ಅದನ್ನು ಬಿಡಬೇಡಿ ಅಂದಳು.

ನಿಲ್ಲಿಸಬಹುದಾ ಎಂದೂ ಕೇಳಿದೆ. "ಈಗ ಬೇಡ. ನಿಲ್ಲಿಸೋ ದಿನ ಬಂದ್ರೆ ನಾನೇ ಹೇಳ್ತೀನಿ. ಆಮೇಲೂ ಬಲ ವಾಪಸ್ ಬರೋಕೆ ಟೈಮ್ ಹಿಡಿಯುತ್ತೆ, ಎಷ್ಟು ಬರುತ್ತೆ ಅಂತ ಮಾತು ಕೊಡಲ್ಲ" ಅಂದರು. ಸುಳ್ಳು ಧೈರ್ಯ ಹೇಳಲಿಲ್ಲ, ಅದಕ್ಕೇ ನಂಬಿದೆ. ಮೂರನೇ ಸೂಜಿ ಹಾಕಿಸಿಕೊಂಡೆ. ಈ ಸಲ ಇನ್ನೊಂದು ಕಡೆ.

ದಪ್ಪ ಬಟ್ಟೆಯನ್ನು ಈಗ ಕಾಜಾ ಅಕ್ಕ ಕತ್ತರಿಸುತ್ತಾರೆ. ಗುರುತು ನಾನು ಹಾಕುತ್ತೇನೆ. ನಾನು ಕದ್ದು ಎರಡು ಸಲ ಕತ್ತರಿಸುತ್ತಿದ್ದದ್ದು ಅವರಿಗೆ ಮೊದಲಿಂದಲೂ ಗೊತ್ತಿತ್ತಂತೆ. ಬ್ಯಾಂಡಿನವರು ಕೋಟು ಹಾಕಿಕೊಂಡು ಅಂಗಡಿಯ ಮುಂದೆಯೇ ಒಂದು ಸುತ್ತು ಬಾರಿಸಿ ಹೋದರು. ಅತ್ತೆ. ಅದು ಸೂಜಿಯ ಅಳು ಅಲ್ಲ, ನನ್ನದೇ.

ನಿನ್ನ ಮಾರ್ಚಿನ ಕಾಗದದ ಮಾತಿಗೆ ಬರುತ್ತೇನೆ. ನೀನು ಬರೆದದ್ದು ತಪ್ಪಾಗಿರಲಿಲ್ಲ. ಎಷ್ಟೋ ಸಲ ಉತ್ತರಕ್ಕೆ ಕೂತೆ. ನಮ್ಮ ಕಸುಬಿನಲ್ಲಿ ಕೇಳಬಾರದು ಎಂಬುದನ್ನು ಮಾತ್ರ ಕಲಿಸುತ್ತಾರೆ, ಹೇಗೆ ಕೇಳಬೇಕು ಎಂದು ಯಾರೂ ಕಲಿಸುವುದಿಲ್ಲ. ನಿನ್ನಮ್ಮನಿಗೆ ನಾನು ಏನೂ ಹೇಳಿಲ್ಲ. ಅದು ನಿನ್ನ ಮಾತು, ನೀನೇ ಹೇಳಬೇಕು.

ಕಳೆದ ಸಲ ಬಂದಾಗಲೂ ನೀನು ಆ ಹಸಿರು ಕೋಟನ್ನೇ ಹಾಕಿದ್ದೆ. ದೊಗಲೆಯಾಗಿ ಹೆಗಲಿಂದ ಜಾರುತ್ತಿತ್ತು. ನೀನು ಮತ್ತೆ ಮೊದಲಿನ ಮೈಗೆ ಬಂದಿದ್ದೀಯ, ಕೋಟು ಬಂದಿಲ್ಲ. ಬಾಗಿಲಲ್ಲೇ ನನಗೆ ಕಂಡಿತ್ತು. ಚಿಕ್ಕದು ಮಾಡಿಕೊಡು ಎಂದು ನೀನು ಕೇಳಲಿಲ್ಲ, ಯಾಕೆ ಕೇಳುತ್ತಿಲ್ಲ ಎಂದು ನಾನೂ ಕೇಳಲಿಲ್ಲ.

ಮುಂದಿನ ರಜಕ್ಕೆ ಅದನ್ನು ತಾ. ಆಗ ಬಿಚ್ಚಿ ಹೊರಬಿಟ್ಟ ಬಟ್ಟೆಯನ್ನು ಮತ್ತೆ ಒಳಗೆ ಸೇರಿಸಿ, ಚಿಕ್ಕದು ಮಾಡಿ ಹೊಲಿದುಕೊಡುತ್ತೇನೆ. ನೀನು ಮೇಜಿನ ಆ ಕಡೆ ಕೂತಿರು, ನಾನು ಈ ಕಡೆ ಕೂತು ಹೊಲಿಗೆ ಬಿಚ್ಚುತ್ತೇನೆ. ಬಿಚ್ಚುವಾಗ ಕೇಳುತ್ತೇನೆ. ಎಷ್ಟು ನೋವಿತ್ತು, ಆಸ್ಪತ್ರೆಗೆ ಜೊತೆಯಲ್ಲಿ ಯಾರು ಬಂದಿದ್ದರು, ಸೂಜಿ ಹಾಕಿಸಿಕೊಂಡು ಮನೆಗೆ ಹೇಗೆ ಹೋದೆ, ಎಲ್ಲವನ್ನೂ ಹೇಳು. ಅಳತೆ ಆಮೇಲೆ ತೆಗೆದುಕೊಳ್ಳುತ್ತೇನೆ.

ನಿನ್ನ
ಅಪ್ಪ